ಗರ್ಭಿಣಿಯರಲ್ಲಿ ಅಂಡಾಶಯದ ಸಿಸ್ಟ್: ನಿಗಾ ಮತ್ತು ನಿರ್ವಹಣೆ

(ಆಶಾ ಕಾರ್ಯಕರ್ತೆಯರು ಹಾಗೂ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳ ಮಾಸಿಕ ಸಭೆಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)

ಗರ್ಭಿಣಿಯ ಮೊದಲ ಸ್ಕ್ಯಾನಿಂಗ್ ವರದಿಯಲ್ಲಿ, ಶಿಶುವಿನ ವಿವರಗಳ ಕೆಳಗೆ ‘ಬಲ ಅಂಡಾಶಯದಲ್ಲಿ 4 ಸೆಂ.ಮೀ. ಸಿಸ್ಟ್’ ಎಂಬಂತಹ ಒಂದು ಸಾಲು ಇರುವುದುಂಟು. ಕೆಲವು ಕುಟುಂಬಗಳು ಅದನ್ನು ಕ್ಯಾನ್ಸರ್ ಎಂದೇ ಭಾವಿಸಿ ಕಂಗಾಲಾಗುತ್ತವೆ. ಮತ್ತೆ ಕೆಲವು ವರದಿಯನ್ನು ಮಡಚಿಟ್ಟು ಮರೆತುಬಿಡುತ್ತವೆ. ಇವೆರಡನ್ನೂ ತಪ್ಪಿಸುವ ಹೊಣೆ ಮನೆ ಭೇಟಿಗೆ ತೆರಳುವ ಸಿಬ್ಬಂದಿಯದು.

ಸಿಸ್ಟ್ ಎಂದರೆ ಸಾಮಾನ್ಯವಾಗಿ ದ್ರವ ತುಂಬಿದ ಗುಳ್ಳೆ. ಅಂಡಾಣು ಹೊರಬಿದ್ದ ಸ್ಥಳದಲ್ಲಿ ಕಾರ್ಪಸ್ ಲ್ಯೂಟಿಯಂ ಎಂಬ ಗ್ರಂಥಿ ರೂಪುಗೊಂಡು, ಗರ್ಭ ನಿಲ್ಲಲು ಅಗತ್ಯವಾದ ಪ್ರೊಜೆಸ್ಟರಾನ್ ಹಾರ್ಮೋನನ್ನು ಸ್ರವಿಸುತ್ತದೆ. ಆರಂಭದ ತಿಂಗಳುಗಳಲ್ಲಿ ಕಾಣುವ ಬಹುಪಾಲು ಸಿಸ್ಟ್‌ಗಳು ಈ ಗ್ರಂಥಿಯೇ ಉಬ್ಬಿ ಆದಂಥವು. ಸುಮಾರು 10ನೇ ವಾರದ ವೇಳೆಗೆ ಮಾಸು ಈ ಕಾರ್ಯವನ್ನು ವಹಿಸಿಕೊಳ್ಳುತ್ತದೆ. ಅನಂತರ 16ನೇ ವಾರದ ಹೊತ್ತಿಗೆ ಇಂತಹ ಸಿಸ್ಟ್ ಸಾಮಾನ್ಯವಾಗಿ ತಾನಾಗಿಯೇ ಕರಗುತ್ತದೆ.

5 ಸೆಂ.ಮೀ.ಗಿಂತ ಚಿಕ್ಕದಾದ, ಗಟ್ಟಿ ಭಾಗವಿಲ್ಲದ ಸಿಸ್ಟ್‌ಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗುವುದಿಲ್ಲ. ಆದರೆ 18ರಿಂದ 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಅಂಡಾಶಯವನ್ನು ಪುನಃ ಪರೀಕ್ಷಿಸುವುದು ಒಳಿತು. ಸಿಸ್ಟ್ ದೊಡ್ಡದಾಗಿದ್ದರೆ, ಬೆಳೆಯುತ್ತಿದ್ದರೆ ಅಥವಾ ಒಳಗೆ ಗಟ್ಟಿ ಭಾಗ ಕಂಡುಬಂದರೆ ಸ್ತ್ರೀರೋಗ ತಜ್ಞರ ಸಲಹೆ ಕಡ್ಡಾಯ. ಸಿ.ಎ.-125 ರಕ್ತಪರೀಕ್ಷೆಯ ಪ್ರಮಾಣವು ಗರ್ಭಾವಸ್ಥೆಯಲ್ಲಿ ಸಹಜವಾಗಿಯೇ ಏರಬಹುದಾದ್ದರಿಂದ, ಅದೊಂದನ್ನೇ ನೋಡಿ ಕ್ಯಾನ್ಸರ್ ಎಂದು ನಿರ್ಧರಿಸುವಂತಿಲ್ಲ. ಶಸ್ತ್ರಚಿಕಿತ್ಸೆ ಅನಿವಾರ್ಯವಾದಲ್ಲಿ, ತುರ್ತು ಇಲ್ಲದಿದ್ದರೆ, ನಾಲ್ಕರಿಂದ ಆರನೇ ತಿಂಗಳ ಅವಧಿಯನ್ನು ತಜ್ಞರು ಆಯ್ದುಕೊಳ್ಳುತ್ತಾರೆ. ಸಿಸ್ಟ್ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಹೆರಿಗೆ ಅಗತ್ಯವಿಲ್ಲ. ಅದು ಹೆರಿಗೆಯ ಮಾರ್ಗಕ್ಕೆ ಅಡ್ಡವಾಗಿದ್ದರೆ ಮಾತ್ರ ಆ ಪ್ರಶ್ನೆ ಏಳುತ್ತದೆ.

ಒಂದು ಅಪಾಯವನ್ನು ಮಾತ್ರ ಎಂದಿಗೂ ಮರೆಯಬಾರದು. ಸಿಸ್ಟ್‌ನ ಭಾರಕ್ಕೆ ಅಂಡಾಶಯವು ತನ್ನ ಬುಡದಲ್ಲಿ ತಿರುಚಿಕೊಂಡರೆ ರಕ್ತಸಂಚಾರ ನಿಲ್ಲುತ್ತದೆ. ಆಗ ಕೆಳಹೊಟ್ಟೆಯ ಒಂದು ಬದಿಯಲ್ಲಿ ಹಠಾತ್ತನೆ ತೀವ್ರ ನೋವು ಕಾಣಿಸಿಕೊಳ್ಳುತ್ತದೆ. ಬಹುತೇಕ ವಾಂತಿಯೂ ಆಗುತ್ತದೆ. ನೋವು ಬಂದು ಹೋಗಿ ಮಾಡುವುದೂ ಉಂಟು. ಸಿಸ್ಟ್ ಒಡೆದು ಒಳರಕ್ತಸ್ರಾವವಾದರೆ ತಲೆಸುತ್ತು, ಪ್ರಜ್ಞೆ ತಪ್ಪುವಿಕೆ ಸಂಭವಿಸಬಹುದು. ಇದನ್ನು ವಾಯು ಎಂದೋ ಬಸುರಿಯ ವಾಂತಿ ಎಂದೋ ಬಗೆದು ಕಷಾಯ ಕುಡಿಸುತ್ತ, ಹೊಟ್ಟೆ ನೀವುತ್ತ ಕಾಲ ಕಳೆಯುವುದು ಸಲ್ಲದು. ಅಂಡಾಶಯವನ್ನು ಉಳಿಸಿಕೊಳ್ಳುವಲ್ಲಿ ಪ್ರತಿ ಗಂಟೆಯೂ ಮುಖ್ಯ. ತಕ್ಷಣವೇ 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸಾ ಸೌಲಭ್ಯವಿರುವ ಆಸ್ಪತ್ರೆಗೆ ಸಾಗಿಸತಕ್ಕದ್ದು. ನೋವಿಗೆ ಅಪೆಂಡಿಕ್ಸ್ ಕಾರಣವಾಗಿದ್ದರೂ ಕ್ರಮ ಇದೇ.

ಇನ್ನೊಂದು ಲೋಪವು ತವರುಮನೆಯ ದಾರಿಯಲ್ಲಿ ಸಂಭವಿಸುತ್ತದೆ. ಸೀಮಂತ ಮುಗಿಸಿ ತವರಿಗೆ ತೆರಳುವ ಗರ್ಭಿಣಿಯ ಸ್ಕ್ಯಾನಿಂಗ್ ವರದಿಯು ಅತ್ತೆಮನೆಯಲ್ಲೇ ಉಳಿದರೆ, ಹೆರಿಗೆ ಮಾಡಿಸುವ ವೈದ್ಯರಿಗೆ ಸಿಸ್ಟ್ ಇರುವ ವಿಷಯವೇ ತಿಳಿಯದು. ಆದ್ದರಿಂದ ಸಿಸ್ಟ್ ಯಾವ ಬದಿಯದು, ಅಳತೆ ಎಷ್ಟು, ಮುಂದಿನ ತಪಾಸಣೆ ಎಂದು ಎಂಬ ಮೂರು ವಿವರಗಳನ್ನು ತಾಯಿ ಕಾರ್ಡ್‌ನಲ್ಲಿ ನಮೂದಿಸಬೇಕು. ತವರಿನ ಆಶಾ ಕಾರ್ಯಕರ್ತೆಗೂ ದೂರವಾಣಿ ಮೂಲಕ ತಿಳಿಸಬೇಕು. ತಪಾಸಣೆಗೆ ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಶಿಬಿರವನ್ನು ಬಳಸಿಕೊಳ್ಳಬಹುದು. ಸಿಸ್ಟ್ ಕರಗದೆ ಉಳಿದಿದ್ದರೆ ಬಾಣಂತನದ ನಂತರವೂ ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕು.

ವರದಿಯ ಆ ಒಂದು ಸಾಲಿಗೆ ಹೆದರಬೇಕಾಗಿಲ್ಲ. ಆದರೆ ಹೆರಿಗೆಯವರೆಗೂ ಅದು ತಾಯಿಯ ಜೊತೆಯಲ್ಲೇ ಸಾಗಬೇಕು.