ಹಳಬರಿಗೂ ಹೊಸಬರಿಗೂ ಒಂದೇ ತಕ್ಕಡಿ
(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)





ನೀವೆಲ್ಲ ಅಕ್ಷರ ಕಲಿತಿದ್ದೀರಿ. ಹೆಸರು ಬರೆಯುತ್ತೀರಿ. ಬಸ್ಸಿನ ಬೋರ್ಡು ಓದುತ್ತೀರಿ. ನಮಗೆ ಬಹಳ ಸಂತೋಷ. ಇನ್ನು ಮನೆಯ ಪೆಟ್ಟಿಗೆಯಲ್ಲಿ ಇಟ್ಟಿರುವ ಕಾಗದಗಳನ್ನು ಓದೋಣ. ಇವತ್ತು ಎರಡು ಕಾಗದಗಳ ಬಗ್ಗೆ ಹೇಳುತ್ತೇವೆ. ಒಂದು ಮನೆ ಸಾಲದ ಕಾಗದ. ಇನ್ನೊಂದು ಸೈನಿಕರ ಪಿಂಚಣಿ ಕಾಗದ. ಇವೆರಡಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ನಮ್ಮದು ತೆಂಗಿನ ಸೀಮೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಯಿತು ಅನ್ನೋದು ಸಂಜೆಯೊಳಗೆ ತುರುವೇಕೆರೆಗೂ ಗೊತ್ತಾಗುತ್ತದೆ, ಚಿಕ್ಕನಾಯಕನಹಳ್ಳಿಗೂ ಗೊತ್ತಾಗುತ್ತದೆ. ಅಟ್ಟದ ಮೇಲೆ ವರ್ಷಗಟ್ಟಲೆ ಕಾಯಿ ಒಣಗಿಸಿ ಉಂಡೆ ಕೊಬ್ಬರಿ ಮಾಡುವವರು ನಾವು. ರೇಟು ಐವತ್ತು ರೂಪಾಯಿ ಇಳಿದರೂ ಕೇಳುತ್ತೇವೆ, ಐವತ್ತು ಏರಿದರೂ ಕೇಳುತ್ತೇವೆ. ತಕ್ಕಡಿ ಸರಿ ಇದೆಯೋ ಇಲ್ಲವೋ ಅಂತ ಬಗ್ಗಿ ನೋಡುತ್ತೇವೆ. ಆದರೆ ನಮ್ಮ ಸಾಲದ ಬಡ್ಡಿ ಇವತ್ತು ಎಷ್ಟಿದೆ ಅಂತ ಯಾರಾದರೂ ಕೇಳಿದರೆ ಸುಮ್ಮನಾಗುತ್ತೇವೆ. ಮಾರುವ ರೇಟು ಗೊತ್ತು, ಕಟ್ಟುವ ರೇಟು ಗೊತ್ತಿಲ್ಲ!

ಮೊದಲು ಸಾಲದ ಮಾತು.

ಮನೆ ಕಟ್ಟಲು ಬ್ಯಾಂಕಿನಲ್ಲಿ ಸಾಲ ತೆಗೆದರೆ ಮನೆಯ ಪತ್ರವನ್ನೇ ಅಡ ಇಡಬೇಕು. ಇದಕ್ಕೆ ಅಡಮಾನ ಅನ್ನುತ್ತಾರೆ. ಬಡ್ಡಿಯಲ್ಲಿ ಎರಡು ಬಗೆ. ಒಂದು ಸ್ಥಿರ ಬಡ್ಡಿ. ಅದು ಬದಲಾಗುವುದಿಲ್ಲ. ಇನ್ನೊಂದು ಏರಿಳಿಯುವ ಬಡ್ಡಿ. ಅದಕ್ಕೆ ಫ್ಲೋಟಿಂಗ್ ಅಂತಾರೆ.

ಈ ಬಡ್ಡಿ ಯಾಕೆ ಏರುತ್ತದೆ, ಯಾಕೆ ಇಳಿಯುತ್ತದೆ? ನಮಗೆ ಬ್ಯಾಂಕು ಸಾಲ ಕೊಡುತ್ತದೆ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು ಸಾಲ ಕೊಡುತ್ತದೆ. ಆ ಬಡ್ಡಿಗೆ ರೆಪೋ ದರ ಅನ್ನುತ್ತಾರೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿವರೆಗೆ ಈ ದರ ನೂರಕ್ಕೆ 4ರಿಂದ 6.50ಕ್ಕೆ ಏರಿತು. ಆಗ ಅನೇಕರ ಕಂತು ಭಾರವಾಯಿತು. ಮತ್ತೆ 2025ರಲ್ಲಿ ಇಳಿಯಿತು. ಫೆಬ್ರವರಿಯಲ್ಲಿ 6.25, ಏಪ್ರಿಲ್‌ನಲ್ಲಿ 6, ಜೂನ್‌ನಲ್ಲಿ 5.50, ಡಿಸೆಂಬರ್‌ನಲ್ಲಿ 5.25. ಒಂದೇ ವರ್ಷದಲ್ಲಿ ಒಂದೂಕಾಲು ಕಡಿಮೆ.

ಇಳಿದದ್ದು ನಮ್ಮ ಕೈಗೆ ಬಂತೇ? ಅದೇ ಪ್ರಶ್ನೆ. ಬಹಳ ಕಾಲ ಹೀಗಾಗುತ್ತಿತ್ತು: ಹೊಸದಾಗಿ ಸಾಲ ತೆಗೆಯುವವನಿಗೆ ಕಡಿಮೆ ಬಡ್ಡಿ. ಹಳೆಯ ಸಾಲಗಾರನಿಗೆ ಹಳೆಯ ಬಡ್ಡಿಯೇ. ಹತ್ತು ವರ್ಷ ತಪ್ಪದೆ ಕಟ್ಟಿದವನು ಜಾಸ್ತಿ ಕಟ್ಟಬೇಕು, ನೆನ್ನೆ ಬಂದವನು ಕಡಿಮೆ ಕಟ್ಟಬೇಕು. ಇದು ಯಾವ ನ್ಯಾಯ ಹೇಳಿ!

ಇದಕ್ಕೆ ರಿಸರ್ವ್ ಬ್ಯಾಂಕು ಒಂದು ನಿಯಮ ಮಾಡಿತು. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಏರಿಳಿಯುವ ಬಡ್ಡಿಯ ಹೊಸ ಮನೆ ಸಾಲವನ್ನು ರೆಪೋ ದರದಂಥ ಹೊರಗಿನ ಅಳತೆಗೆ ಕಟ್ಟಬೇಕು. ಮೂರು ತಿಂಗಳಿಗೊಮ್ಮೆಯಾದರೂ ದರ ಸರಿಪಡಿಸಬೇಕು. ಹಳೆಯ ಸಾಲಗಾರರೂ ಕೇಳಿ ಇದಕ್ಕೆ ಬದಲಾಗಬಹುದು. ಕಾಗದಪತ್ರದ ತಕ್ಕಮಟ್ಟಿನ ಖರ್ಚು ಮಾತ್ರ ಹಾಕಬಹುದು. ಇಲ್ಲಿ 'ಕೇಳಿ' ಅನ್ನೋ ಮಾತಿಗೆ ಗೆರೆ ಎಳೆಯಿರಿ. ಕೇಳದವನು ಹಳೆಯ ಅಳತೆಯಲ್ಲೇ ಉಳಿಯುತ್ತಾನೆ. ಮನೆ ಸಾಲದ ಕಂಪನಿಗಳಿಗೆ, ಸಹಕಾರ ಸಂಘಗಳಿಗೆ ಈ 2019ರ ನಿಯಮ ಇಲ್ಲ. ಅಲ್ಲಿ ಸಾಲ ಇದ್ದವರು ತಮ್ಮ ಕರಾರು ಪತ್ರ ಓದಿ ನೋಡಬೇಕು.

ಒಂದು ಲೆಕ್ಕ ಮಾಡೋಣ. ಸ್ಲೇಟು ತೆಗೆಯಿರಿ. 10 ಲಕ್ಷ ಸಾಲ. 20 ವರ್ಷ, ಅಂದರೆ 240 ಕಂತು. ಬಡ್ಡಿ 9 ಇದ್ದರೆ ತಿಂಗಳ ಕಂತು ಸುಮಾರು 8,997 ರೂಪಾಯಿ. ಬಡ್ಡಿ ಒಂದೂಕಾಲು ಇಳಿದು 7.75 ಆದರೆ ಕಂತು ಸುಮಾರು 8,209 ರೂಪಾಯಿ. ತಿಂಗಳಿಗೆ 788 ಉಳಿಯಿತು. ವರ್ಷಕ್ಕೆ 9,456 ಉಳಿಯಿತು. ತೋಟಕ್ಕೆ ಗೊಬ್ಬರ ಆಯಿತು, ಮಗಳ ಫೀಜು ಆಯಿತು.

ಇನ್ನೊಂದು ದಾರಿಯೂ ಉಂಟು. ಬಡ್ಡಿ ಇಳಿದರೂ ಹಳೆಯ 8,997ನ್ನೇ ಕಟ್ಟುತ್ತಾ ಹೋದರೆ 240 ಕಂತಿನ ಸಾಲ ಸುಮಾರು 197 ಕಂತಿಗೇ ತೀರುತ್ತದೆ. ಮೂರೂವರೆ ವರ್ಷ ಮೊದಲೇ ಮನೆಯ ಪತ್ರ ಕೈಗೆ ಬರುತ್ತದೆ. ಕಷ್ಟ ಇದ್ದವರು ಕಂತು ಇಳಿಸಿಕೊಳ್ಳಲಿ. ತಾಕತ್ತು ಇದ್ದವರು ವರ್ಷ ಇಳಿಸಿಕೊಳ್ಳಲಿ.

2023ರ ಆಗಸ್ಟ್‌ನಲ್ಲಿ ಇನ್ನೊಂದು ಆದೇಶ ಬಂತು. ಏರಿಳಿಯುವ ಬಡ್ಡಿಯ ಕಂತಿನ ಸಾಲಕ್ಕೆ ಮೂರು ತಿಂಗಳಿಗೊಮ್ಮೆ ಲೆಕ್ಕದ ಚೀಟಿ ಕೊಡಬೇಕು. ಅಸಲು ಎಷ್ಟು ತೀರಿತು, ಬಡ್ಡಿ ಎಷ್ಟು ಹೋಯಿತು, ಕಂತು ಎಷ್ಟು, ಇನ್ನೆಷ್ಟು ಕಂತು ಬಾಕಿ, ಬಡ್ಡಿ ದರ ಎಷ್ಟು, ಇಷ್ಟೂ ಅದರಲ್ಲಿ ಇರಬೇಕು. ಅದೂ ಸುಲಭವಾಗಿ ತಿಳಿಯುವಂತೆ ಇರಬೇಕು. ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಪತ್ರ ವಾಪಸು ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು.

ಈಗ ಸೈನಿಕರ ಮಾತು.

ರಾತ್ರಿ ಸೀಟಿ ಊದಿಕೊಂಡು, ಕೋಲು ಕುಟ್ಟಿಕೊಂಡು ಪೇಟೆ ಬೀದಿ ಕಾಯುವವರನ್ನು ನಾವು ಗೂರ್ಖಾ ಅನ್ನುತ್ತೇವೆ. ಆ ಹೆಸರು ನೇಪಾಳ ದೇಶದ ಗೋರ್ಖಾ ಅನ್ನೋ ಊರಿನಿಂದ ಬಂದದ್ದು. ನೇಪಾಳದ ಗುಡ್ಡಗಾಡಿನ ಯುವಕರು ಇನ್ನೂರು ವರ್ಷಗಳಿಂದ ಪರದೇಶದ ಸೈನ್ಯ ಸೇರಿ ದುಡಿದಿದ್ದಾರೆ. ನಮಗೆ ಸ್ವಾತಂತ್ರ್ಯ ಬಂದಾಗ, 1947ರಲ್ಲಿ, ಭಾರತ, ಬ್ರಿಟನ್, ನೇಪಾಳ ಮೂರೂ ದೇಶ ಒಂದು ಒಪ್ಪಂದ ಮಾಡಿಕೊಂಡವು. ಗೂರ್ಖಾ ಪಡೆಗಳು ಹತ್ತಿದ್ದವು. ಆರು ಭಾರತಕ್ಕೆ ಬಂದವು. ನಾಲ್ಕು ಬ್ರಿಟನ್ ಕಡೆಗೆ ಹೋದವು.

ಬ್ರಿಟನ್ ಕಡೆಗೆ ಹೋದವರ ಕತೆ ಕೇಳಿ. ಬ್ರಿಟಿಷ್ ಸಿಪಾಯಿಯ ಪಕ್ಕದಲ್ಲೇ ನಿಂತು ಕಾದರು. ಆದರೆ ಅವರ ಪಿಂಚಣಿ ಬ್ರಿಟಿಷ್ ಸಿಪಾಯಿಯದಕ್ಕಿಂತ ಬಹಳ ಕಡಿಮೆ. 1997ರ ಜುಲೈ 1ರಂದು ಹಾಂಗ್‌ಕಾಂಗ್ ಚೀನಾಕ್ಕೆ ಸೇರಿತು. ಗೂರ್ಖಾ ಪಡೆಯ ನೆಲೆ ಬ್ರಿಟನ್ನಿಗೆ ಹೋಯಿತು. ಮುಂದೆ ಆ ತಾರೀಖೇ ಗೆರೆಯಾಯಿತು. ಗೆರೆಯ ಈಚೆ ಸೇವೆಯಲ್ಲಿದ್ದವರಿಗೆ ಒಳ್ಳೆಯ ಪಿಂಚಣಿ. ಗೆರೆಯ ಆಚೆ ನಿವೃತ್ತಿಯಾದ ಮುದುಕರಿಗೆ ಹಳೆಯದೇ. ಸರ್ಕಾರವೂ ಒಂದು ವಾದ ಹೇಳಿತು: ಅವರಿಗೆ 15 ವರ್ಷದ ಸೇವೆಗೇ ಚಿಕ್ಕ ವಯಸ್ಸಿನಲ್ಲಿ ಪಿಂಚಣಿ ಶುರುವಾಗುತ್ತದೆ, ನೇಪಾಳದಲ್ಲಿ ಜೀವನದ ಖರ್ಚು ಕಡಿಮೆ ಅಂತ. ಆದರೆ ಮುದುಕರು ಕೇಳಿದ್ದು ಒಂದೇ. ಗುಂಡಿಗೆ ಎದೆ ಕೊಡುವಾಗ ಇಲ್ಲದ ಭೇದ ಸಂಬಳದ ಪುಸ್ತಕದಲ್ಲಿ ಯಾಕೆ?

ಅವರು ಒಟ್ಟಾದರು. ಕೋರ್ಟಿಗೆ ಹೋದರು. ಗೂರ್ಖಾ ಪಡೆಯ ಅಧಿಕಾರಿಯೊಬ್ಬರ ಮಗಳು, ನಟಿ ಜೊವಾನಾ ಲಮ್ಲಿ, ಅವರ ಪರವಾಗಿ ನಿಂತರು. 2009ರ ಮೇ 21ರಂದು ಸರ್ಕಾರ ಬಗ್ಗಿತು. 1997ಕ್ಕೆ ಮೊದಲು ನಿವೃತ್ತಿಯಾದವರೂ ನಾಲ್ಕು ವರ್ಷ ಸೇವೆ ಮಾಡಿದ್ದರೆ ಬ್ರಿಟನ್ನಿನಲ್ಲಿ ನೆಲೆಸಬಹುದು ಅಂತ ಘೋಷಿಸಿತು. ನೆಲೆಸುವ ಹಕ್ಕು ಸಿಕ್ಕಿತು, ಸಮನಾದ ಪಿಂಚಣಿ ಸಿಗಲಿಲ್ಲ. 2016ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅವರ ಪಿಂಚಣಿ ದಾವೆಯನ್ನು ಎತ್ತಿಹಿಡಿಯಲಿಲ್ಲ. 2021ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಪ್ರಧಾನಿ ಮನೆಯ ಎದುರು 13 ದಿನ ಉಪವಾಸ ಕೂತರು. ಮಾತುಕತೆಯ ಭರವಸೆ ಸಿಕ್ಕಿದ ಮೇಲೆ ಎದ್ದರು.

ಇದು ಪರದೇಶದ ಕತೆ, ನಮಗೇನು ಅನ್ನಬೇಡಿ. ನಮ್ಮ ದೇಶದಲ್ಲೂ ಇದೇ ಆಗಿತ್ತು. ಇಬ್ಬರು ಹವಾಲ್ದಾರರು ಅಂದುಕೊಳ್ಳಿ. ಇಬ್ಬರದೂ ಅಷ್ಟೇ ವರ್ಷದ ಸೇವೆ. ಒಬ್ಬರು ಮೊದಲೇ ನಿವೃತ್ತಿ, ಇನ್ನೊಬ್ಬರು ಹದಿನೈದು ವರ್ಷ ತಡವಾಗಿ ನಿವೃತ್ತಿ. ಮೊದಲು ಬಂದ ಹಿರಿಯರಿಗೇ ಕಡಿಮೆ ಪಿಂಚಣಿ! ಮಾಜಿ ಸೈನಿಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರು. 2015ರ ನವೆಂಬರ್ 7ರಂದು 'ಒಂದು ಹುದ್ದೆ, ಒಂದು ಪಿಂಚಣಿ' ಆದೇಶ ಬಂತು. 2014ರ ಜುಲೈ 1ರಿಂದಲೇ ಲೆಕ್ಕ. ಅದೇ ಹುದ್ದೆ, ಅಷ್ಟೇ ಸೇವೆ ಇದ್ದರೆ ಅಷ್ಟೇ ಪಿಂಚಣಿ, ಯಾವ ವರ್ಷ ನಿವೃತ್ತಿಯಾದರೂ ಸರಿ. ಐದು ವರ್ಷಕ್ಕೊಮ್ಮೆ ಅದನ್ನು ಮತ್ತೆ ಸರಿಪಡಿಸಬೇಕು. ಭಾರತದ ಸೈನ್ಯದಲ್ಲಿ ದುಡಿದ ನೇಪಾಳದವರಿಗೂ ನಮ್ಮ ಸರ್ಕಾರವೇ ಪಿಂಚಣಿ ಕೊಡುತ್ತದೆ. ಅದಕ್ಕಾಗಿ ಕಠ್ಮಂಡು, ಪೋಖರಾ, ಧರಾನ್ ಊರುಗಳಲ್ಲಿ ಕಚೇರಿಗಳಿವೆ.

ಈಗ ಸಂಬಂಧ ತಿಳಿಯಿತಲ್ಲವೇ? ಬ್ಯಾಂಕಿನಲ್ಲಿ ಹಳೆಯ ಸಾಲಗಾರ. ಸೈನ್ಯದಲ್ಲಿ ಹಳೆಯ ಸಿಪಾಯಿ. ಇಬ್ಬರನ್ನೂ ಹಿಂದೆ ಬಿಟ್ಟು ಹೊಸಬರಿಗೆ ಮಾತ್ರ ಒಳ್ಳೆಯ ದರ. ಎರಡೂ ಕಡೆ ತಕ್ಕಡಿ ಎರಡಿತ್ತು. ಎರಡೂ ಕಡೆ ಕೇಳಿದ ಮೇಲೆಯೇ ಒಂದಷ್ಟು ಸರಿಹೋದದ್ದು.

ಎಷ್ಟೋ ಮನೆಯಲ್ಲಿ ಈ ಎರಡು ಕಾಗದವೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಸಿಪಾಯಿ ಸಾಮಾನ್ಯವಾಗಿ ನಲವತ್ತರ ಆಸುಪಾಸಿಗೇ ಊರಿಗೆ ಬರುತ್ತಾನೆ. ಸಾಲ ತೆಗೆದು ಮನೆ ಕಟ್ಟುತ್ತಾನೆ. ಪಿಂಚಣಿಯಲ್ಲಿ ಕಂತು ಕಟ್ಟುತ್ತಾನೆ. ಅವನು ತೀರಿಕೊಂಡರೆ ಹೆಂಡತಿಗೆ ಕುಟುಂಬ ಪಿಂಚಣಿ. ಆಗ ಆ ತಾಯಿಯೇ ಎರಡೂ ಕಾಗದ ಓದಬೇಕು.

ಹಾಗಾದರೆ ನಾವು ಏನು ಮಾಡಬೇಕು?

ಸಾಲ ಇದ್ದವರು ಪಾಸ್‌ಬುಕ್ಕು ಹಿಡಿದು ಹೋಗಿ. ಮೂರು ಪ್ರಶ್ನೆ ಕೇಳಿ. ನನ್ನ ಬಡ್ಡಿ ಇವತ್ತು ಎಷ್ಟು? ಅದು ಯಾವ ಅಳತೆಗೆ ಕಟ್ಟಿದೆ? ಇನ್ನು ಎಷ್ಟು ಕಂತು ಬಾಕಿ? ಉತ್ತರ ಸರಿ ಬರದಿದ್ದರೆ ಅರ್ಜಿ ಬರೆದು ಕೊಡಿ. ಸಹಿ, ಮೊಹರು ಇರುವ ಸ್ವೀಕೃತಿ ತೆಗೆದುಕೊಳ್ಳಿ. 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ.

ಪಿಂಚಣಿ ಇದ್ದವರು ಪಿಂಚಣಿ ಆದೇಶ ತೆಗೆದು ನೋಡಿ. ಹುದ್ದೆ, ಸೇವೆಯ ವರ್ಷ, ಹೆಂಡತಿಯ ಹೆಸರು ಸರಿ ಇದೆಯೇ? ಒಂದು ಅಕ್ಷರ ತಪ್ಪಿದ್ದರೂ ಈಗಲೇ ತಿದ್ದಿಸಿ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದು ಮರೆಯಬೇಡಿ. ಸಂಶಯ ಬಂದರೆ ಸೈನಿಕ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ನೆರೆಮನೆಯ ಅಜ್ಜನಿಗೆ, ಅಜ್ಜಿಗೆ ಓದು ಬಾರದಿದ್ದರೆ ನೀವೇ ಓದಿ ಹೇಳಿ. ನಾವು ಕಲಿಸಿದ ಅಕ್ಷರ ನಿಮ್ಮಿಂದ ಅವರಿಗೆ ಹೋಗಲಿ.

ಇವತ್ತಿನ ಅಭ್ಯಾಸ: ಬಡ್ಡಿ, ಕಂತು, ಅಸಲು, ಬಾಕಿ, ಪಿಂಚಣಿ. ಈ ಐದು ಪದಗಳನ್ನು ಐದು ಸಲ ಬರೆಯಿರಿ. ಮನೆಗೆ ಹೋಗಿ ಪೆಟ್ಟಿಗೆಯ ಕಾಗದದಲ್ಲಿ ಅವು ಎಲ್ಲಿವೆ ಅಂತ ಹುಡುಕಿ. ಪಕ್ಕದಲ್ಲಿರುವ ಅಂಕಿಯನ್ನು ಬರೆದುಕೊಂಡು ನಾಳೆ ತನ್ನಿ. ಎಲ್ಲರೂ ಸೇರಿ ಲೆಕ್ಕ ಮಾಡೋಣ.