ವಿಶೇಷ ಉಂಟಾ?

(ಮಹಿಳಾ ವಿಭಾಗದ ಆರೋಗ್ಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಮದುವೆಯಾಗಿ ವರ್ಷ ಕಳೆದರೆ ನಮ್ಮವರು ಕೇಳುವುದು ಒಂದೇ: "ವಿಶೇಷ ಉಂಟಾ?" ನನ್ನನ್ನು ಒಂಬತ್ತು ವರ್ಷ ಕೇಳಿದರು. ಕೊನೆಗೆ ಐವಿಎಫ್ ಎಂದಾಗ ಅತ್ತೆ, "ಅದೆಲ್ಲ ನಮಗೆ ಬೇಡ" ಎಂದರು. ನಮ್ಮ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದೇ, ಡಾ. ಇಂದಿರಾ ಹಿಂದುಜಾ ಅವರ ತಂಡದ ಪ್ರಯತ್ನದಿಂದ ಹೀಗೆ ಮಗು ಹುಟ್ಟಿದೆ ಎಂದು ತಿಳಿಸಿದ ಮೇಲೆ ಒಪ್ಪಿದರು.

ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸಿದ ಮೇಲೆ ರಕ್ತಪರೀಕ್ಷೆಯವರೆಗೆ ಹತ್ತು-ಹದಿನಾಲ್ಕು ದಿನ ಕಾಯಬೇಕು. ಚುಚ್ಚುಮದ್ದಿಗಿಂತ ಕಷ್ಟ ಅದು. ಮೂರನೇ ದಿನವೇ ನನಗೆ ಎದೆ ಭಾರ, ಹೊಟ್ಟೆ ಉಬ್ಬರ, ಡೊಂಬಿವಲಿ ಲೋಕಲ್‌ನಲ್ಲಿ ನಿಂತಲ್ಲೇ ನಿದ್ದೆ. "ಇದು ಅದೇ" ಎಂದರು ಅತ್ತೆ. ಐದನೇ ದಿನ ಮೆಡಿಕಲ್‌ನಿಂದ ಕಿಟ್ ತಂದೆ. ಎರಡು ಗೆರೆ! ಊರಿಗೆ ಫೋನ್ ಹೋಯಿತು, ಅಮ್ಮ ಹರಕೆ ಹೇಳಿಕೊಂಡರು. ನಿಗದಿಯಾದ ದಿನ ರಕ್ತಪರೀಕ್ಷೆ ಮಾಡಿದರೆ, ಗರ್ಭವೇ ಇಲ್ಲ. ಊರಿಗೆ ಮತ್ತೆ ಫೋನ್ ಮಾಡುವ ಧೈರ್ಯ ನನಗಿರಲಿಲ್ಲ, ಗಂಡನೇ ಮಾಡಿದರು.

ಆಮೇಲೆ ತಿಳಿಯಿತು. ಅಂಡಾಣು ತೆಗೆಯುವ ಮೊದಲು ಕೊಡುವ ಇಂಜೆಕ್ಷನ್‌ನಲ್ಲಿ ಹೆಚ್ಚಾಗಿ ಎಚ್‌ಸಿಜಿ ಇರುತ್ತದೆ. ಕಿಟ್ ಗುರುತಿಸುವುದೂ ಅದನ್ನೇ. ಅದು ಮೈಯಿಂದ ಪೂರ್ತಿ ಹೋಗಲು ಎರಡು ವಾರದವರೆಗೂ ಬೇಕಾಗಬಹುದು. ಎದೆನೋವು, ಉಬ್ಬರ, ನಿದ್ದೆಯೆಲ್ಲ ಆಗ ಕೊಡುವ ಪ್ರೊಜೆಸ್ಟೆರಾನ್ ಔಷಧಿಯಿಂದಲೂ ಬರುತ್ತದೆ.

ಎರಡನೇ ಸಲ ನನಗೆ ಏನೂ ಅನಿಸಲೇ ಇಲ್ಲ. ಸ್ವಲ್ಪ ರಕ್ತದ ಕಲೆ ಮಾತ್ರ ಕಂಡಿತು. ಮುಟ್ಟಾಯಿತೆಂದು ಔಷಧಿ ಬಿಡಲು ಹೊರಟಿದ್ದೆ. "ನಿಲ್ಲಿಸಬೇಡಿ, ಗರ್ಭ ನಿಂತವರಿಗೂ ಹೀಗಾಗುತ್ತದೆ" ಎಂದರು ಡಾಕ್ಟರ್. ಆ ಮಗಳು ಈಗ ಏಳನೇ ಕ್ಲಾಸು. ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾ ಕುಳಿತಿದ್ದಾಳೆ.

ಮೊದಲ ರಿಪೋರ್ಟ್ ಬಂದೊಡನೆ ಸಿಹಿ ಹಂಚಬೇಡಿ. ಎರಡು ದಿನ ಬಿಟ್ಟು ಮತ್ತೆ ಪರೀಕ್ಷಿಸಿ ಎಚ್‌ಸಿಜಿ ಸರಿಯಾಗಿ ಏರುತ್ತಿದೆಯೇ ನೋಡುತ್ತಾರೆ, ಆಮೇಲೆ ಸೋನೋಗ್ರಫಿ. ಗರ್ಭ ನಳಿಕೆಯಲ್ಲೂ ಕೂರಬಹುದು. ಹೊಟ್ಟೆಯ ಒಂದೇ ಬದಿ ತೀವ್ರ ನೋವು, ಭುಜನೋವು, ತಲೆಸುತ್ತು, ಹೆಚ್ಚು ರಕ್ತಸ್ರಾವವಾದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಹೊಟ್ಟೆ ಬೇಗಬೇಗ ಊದಿಕೊಂಡು, ಮೂತ್ರ ಕಡಿಮೆಯಾಗಿ, ಉಸಿರು ಕಟ್ಟಿದರೂ ಅಷ್ಟೇ. ಅದು ಅಂಡಾಶಯಕ್ಕೆ ಕೊಟ್ಟ ಔಷಧಿ ಅತಿಯಾದ ಲಕ್ಷಣವಿರಬಹುದು.

ಅತ್ತೆಯಂದಿರೇ, ಆ ಎರಡು ವಾರ ಸೊಸೆಯನ್ನು ದಿನವೂ ಕೇಳಬೇಡಿ. ಹಾಸಿಗೆ ಹಿಡಿಸಲೂ ಬೇಡಿ, ಅದರ ಅಗತ್ಯವಿಲ್ಲ. ಪ್ರಶ್ನೆ ಇದ್ದವರು ಚಹಾದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಎಲ್ಲರೆದುರು ಕೇಳಬೇಕೆಂದಿಲ್ಲ.