ರಜೆಯ ಕೂಲಿ ಕಲಿಕೆಯೂ ಆಗಲಿ

(ಗುಂಡ್ಲುಪೇಟೆ ಮತ್ತು ಚಾಮರಾಜನಗರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರೊಂದಿಗೆ ಆಡಿದ ಮಾತುಗಳು)



ಪ್ರತಿ ಸಭೆಯಲ್ಲೂ ನಾವು ಉಳಿತಾಯ, ಸಾಲ, ಮರುಪಾವತಿ ಅಂತ ಮಾತಾಡ್ತೇವೆ. ಇವತ್ತು ಬೇರೆ ವಿಷಯ. ಒಂಬತ್ತು, ಹತ್ತನೇ ತರಗತಿಯಲ್ಲಿ ಓದುವ ನಮ್ಮ ಮಕ್ಕಳು ರಜೆಯಲ್ಲಿ ಏನು ಮಾಡ್ತಾರೆ ಅನ್ನೋದು.

ನಿಮಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆ ರಜೆ ಬಂತೆಂದರೆ ಕೇರಳದ ಶುಂಠಿ ಹೊಲ, ಕೊಡಗಿನ ಕಾಫಿ ತೋಟ. ಮಳೆ ಹಿಡಿದ ಮೇಲೆ ಭಾನುವಾರ ಚೆಂಡು ಹೂವು ಕೀಳೋದು, ಈರುಳ್ಳಿ ಹೊಲದ ಕಳೆ. "ಏನ್ ಮಾಡೋದು ಸಿಸ್ಟರ್, ನೋಟ್‌ಬುಕ್ಕು, ಬಟ್ಟೆ ಅಂತ ಅವರ ಖರ್ಚಿಗಾದ್ರೂ ಆಯ್ತದೆ" ಅಂತೀರಿ. ಆ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಎರಡು ತಿಂಗಳಿಗೆ ಅಂತ ಹೋದ ಹುಡುಗ ಜೂನ್‌ಗೆ ಶಾಲೆಗೆ ವಾಪಸ್ ಬಾರದೆ ಇದ್ದದ್ದನ್ನು ನೀವೂ ನೋಡಿದ್ದೀರಿ. ಕೈಗೆ ಕಾಸು ಬಂದ ಮೇಲೆ ಪುಸ್ತಕ ರುಚಿಸೋದಿಲ್ಲ. ಮನೆಯಲ್ಲೇ ಉಳಿದ ಹುಡುಗಿಗೆ ಮದುವೆ ಮಾತು ಶುರುವಾಗುತ್ತದೆ.

ಹಾಗಾದರೆ ಮಕ್ಕಳು ದುಡಿಯಲೇಬಾರದೇ? ನಾನು ಹಾಗೆ ಹೇಳುವುದಿಲ್ಲ. ದುಡಿಮೆಯಲ್ಲಿ ಎರಡು ಬಗೆ ಇದೆ. ಒಂದು ಮೈ ದಣಿಸಿ ಕಾಸು ಕೊಡುತ್ತದೆ, ಅಷ್ಟೇ. ಇನ್ನೊಂದು ಕಾಸಿನ ಜೊತೆಗೆ ವಿದ್ಯೆಯನ್ನೂ ಕೊಡುತ್ತದೆ. ಪಟ್ಟಣದವರು ಇದಕ್ಕೆ ಇಂಟರ್ನ್‌ಶಿಪ್ ಅಂತಾರೆ. ಗುರುಗಳ ಕೈಕೆಳಗೆ ಸ್ವಲ್ಪ ದಿನ ಕೆಲಸ ಮಾಡುತ್ತಾ ಕಲಿಯುವುದು, ಅದಕ್ಕೆ ಗೌರವಧನ ಪಡೆಯುವುದು. ಕಾಡಿನ ಅಂಚಿನಲ್ಲಿರುವ ನಮ್ಮ ಮಕ್ಕಳಿಗೆ ಪರಿಸರದ ಕೆಲಸದಲ್ಲೇ ಇದು ಸಿಗಬೇಕು ಅನ್ನೋದು ನನ್ನ ಮಾತು.

ಇದು ಹೊಸದೇನಲ್ಲ. ಅಮೆರಿಕದಲ್ಲಿ 1933ರಲ್ಲಿ ಭಾರೀ ನಿರುದ್ಯೋಗ ಇದ್ದಾಗ ಸರ್ಕಾರ ಬಡ ಮನೆಗಳ ಯುವಕರನ್ನು ಗಿಡ ನೆಡಲು, ಮಣ್ಣು ಕೊಚ್ಚಿಹೋಗದಂತೆ ತಡೆಯಲು, ಕಾಡಿನ ಬೆಂಕಿ ಆರಿಸಲು ಸೇರಿಸಿಕೊಂಡಿತು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. 1942ರವರೆಗೆ ಸುಮಾರು 30 ಲಕ್ಷ ಯುವಕರು ಹೀಗೆ ದುಡಿದರು. ಆದರೆ ಅದರಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. 1955ರಲ್ಲಿ ಎಲಿಜಬೆತ್ ಕುಷ್ಮನ್ ಎಂಬ ಕಾಲೇಜು ವಿದ್ಯಾರ್ಥಿನಿ, ರಾಷ್ಟ್ರೀಯ ಉದ್ಯಾನಗಳ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಿ ಎಂದು ತನ್ನ ಓದಿನ ಪ್ರಬಂಧದಲ್ಲಿ ಬರೆದಳು. ಬರೆದು ಸುಮ್ಮನೆ ಕೂರಲಿಲ್ಲ, 1957ರಲ್ಲಿ ಮಾಡಿಯೂ ತೋರಿಸಿದಳು. 1970ರಲ್ಲಿ ಅಲ್ಲಿನ ಸರ್ಕಾರ ಕಾನೂನನ್ನೇ ತಂದು, 15ರಿಂದ 18 ವರ್ಷದ ಹುಡುಗ ಹುಡುಗಿಯರಿಗೆ ಬೇಸಿಗೆ ರಜೆಯಲ್ಲಿ ಕಾಡು, ಉದ್ಯಾನಗಳಲ್ಲಿ ಸಂಬಳದ ಕೆಲಸ ಕೊಡಲು ಶುರು ಮಾಡಿತು. ಒಬ್ಬ ವಿದ್ಯಾರ್ಥಿನಿಯ ಬರಹದಿಂದ ಅಷ್ಟು ದೊಡ್ಡ ಕೆಲಸ ಹುಟ್ಟಬಹುದಾದರೆ, ಹದಿನೈದು ಇಪ್ಪತ್ತು ಜನರ ನಮ್ಮ ಸಂಘದ ಒಂದು ಠರಾವಿನಿಂದ ಏನೂ ಆಗದೇ?

ಈಗ ನಮ್ಮ ಜಿಲ್ಲೆಗೆ ಬನ್ನಿ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ತಾಣಗಳಲ್ಲಿ ನಮ್ಮ ಬಂಡೀಪುರವೂ ಒಂದು. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾನೂನಿನಡಿ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ಮಹದೇಶ್ವರ ಬೆಟ್ಟದ ಸೋಲಿಗರು ಕಾಡಿಗೆ ಶತ್ರುವಾದ ಲಂಟಾನದ ಕಡ್ಡಿಯಿಂದಲೇ ಕುರ್ಚಿ, ಬುಟ್ಟಿ ಮಾಡಿ ಮಾರಲು ಕಲಿತರು. ಕಾಡನ್ನು ಉಳಿಸುವುದೂ ಒಂದು ಕಸುಬು, ಅದಕ್ಕೂ ಕೂಲಿ ಉಂಟು ಅನ್ನೋದು ನಮ್ಮ ಜಿಲ್ಲೆಯ ದೊಡ್ಡವರಿಗೆ ಗೊತ್ತು. ಬೆಂಕಿ ಕಾವಲಿಗೆ, ಲಂಟಾನ ಕೀಳಲು ನಮ್ಮವರೇ ಹೋಗ್ತಾರೆ. ಮಕ್ಕಳಿಗೆ ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಎಂಬ ಕಾರ್ಯಕ್ರಮ ನಡೆದಿದೆ. ಅದು ಒಳ್ಳೆಯದೇ. ಆದರೆ ಒಂದೆರಡು ದಿನ ನೋಡಿ ಬರುವುದಕ್ಕೂ ದೊಡ್ಡವರ ಕೂಲಿಗೂ ನಡುವೆ ಒಂದು ಮೆಟ್ಟಿಲು ಬೇಕಲ್ಲ? ಆ ಮೆಟ್ಟಿಲನ್ನೇ ನಾವು ಕೇಳಬೇಕು.

ಕೇಳುವ ಮೊದಲು ಕಾನೂನು ತಿಳಿದಿರಲಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನಿನ ಪ್ರಕಾರ 14 ವರ್ಷ ತುಂಬದ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ಒಳಗಿನವರನ್ನು ಗಣಿ, ಸಿಡಿಮದ್ದು, ಇತರ ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. ಅವರಿಗೆ ಒಂದೇ ಸಮ 3 ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು. ನಂತರ 1 ಗಂಟೆ ವಿಶ್ರಾಂತಿ. ವಿಶ್ರಾಂತಿಯೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ. ವಾರಕ್ಕೊಂದು ರಜೆ ಬೇಕೇ ಬೇಕು. ಇದನ್ನು ಮೀರಿ ಯಾರಾದರೂ ಮಕ್ಕಳನ್ನು ದುಡಿಸಿದರೆ 1098ಕ್ಕೆ ಫೋನ್ ಮಾಡಿ.

ಕಾನೂನು ಅಷ್ಟು ಹೇಳಿದರೆ, ತಾಯಂದಿರಾದ ನಾವು ಇನ್ನೂ ಹೇಳಬೇಕು. ಮಕ್ಕಳು ಬೆಂಕಿ ಆರಿಸಲು ಹೋಗಬಾರದು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟದ್ದು ನಿಮ್ಮ ಕಣ್ಣ ಮುಂದಿದೆ. ಅದು ಮಕ್ಕಳಾಟವಲ್ಲ. ಆನೆ, ಹುಲಿ, ಕರಡಿ ತಿರುಗುವ ಕಡೆ ಲಂಟಾನ ಕೀಳುವುದೂ ಬೇಡ. ಔಷಧಿ ಸಿಂಪಡಿಸುವುದಂತೂ ಬೇಡವೇ ಬೇಡ.

ಹಾಗಾದರೆ ಯಾವ ಕೆಲಸ? ನಾನು ಮೂರು ಹೇಳ್ತೇನೆ. ಮೂರೂ ಊರಿನಲ್ಲೇ, ಹಗಲು ಬೆಳಕಿನಲ್ಲೇ ಆಗುವಂಥವು.

1. ಸಸಿ ಬೆಳೆಸುವುದು. ಹೊಂಗೆ, ಬೇವು, ನೆಲ್ಲಿ, ಹುಣಸೆ, ನೇರಳೆ ಬೀಜ ಸೇರಿಸಿ, ಚೀಲಕ್ಕೆ ಮಣ್ಣು ತುಂಬಿ, ಶಾಲೆಯ ಹಿತ್ತಲಲ್ಲೋ ಸಂಘದ ಜಾಗದಲ್ಲೋ ನರ್ಸರಿ ಮಾಡುವುದು. ಯಾವ ಬೀಜ ನೆನೆಸಬೇಕು, ಯಾವುದನ್ನು ಹಾಗೇ ಹಾಕಬೇಕು, ನೂರರಲ್ಲಿ ಎಷ್ಟು ಮೊಳೆತವು ಎಂದು ಬರೆದಿಡುವುದು. ಇದು ಜೀವಶಾಸ್ತ್ರವೂ ಹೌದು, ಗಣಿತವೂ ಹೌದು.

2. ಬದುಕಿದ ಗಿಡ ಎಣಿಸುವುದು. ಗಿಡ ನೆಡುವ ಫೋಟೋ ಎಲ್ಲರೂ ತೆಗೆಸ್ತಾರೆ, ಮುಂದಿನ ವರ್ಷ ಯಾರೂ ತಿರುಗಿ ನೋಡೋದಿಲ್ಲ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ದುಡ್ಡು ಬರುವುದೇ ಬದುಕುಳಿದ ಗಿಡದ ಲೆಕ್ಕದ ಮೇಲೆ. ನಮ್ಮ ಸದಸ್ಯೆಯರ ಹೊಲಗಳಲ್ಲಿ ಮಕ್ಕಳು ಗಿಡ ಎಣಿಸಿ, ಎತ್ತರ ಅಳೆದು, ಸತ್ತಿದ್ದರೆ ಯಾಕೆ ಸತ್ತಿತು ಎಂದು ಬರೆದರೆ ಮನೆಗೂ ಲಾಭ.

3. ಊರಿನ ಜೀವವೈವಿಧ್ಯ ದಾಖಲಿಸುವುದು. 2002ರ ಜೀವವೈವಿಧ್ಯ ಕಾನೂನಿನಂತೆ ಪ್ರತಿ ಪಂಚಾಯಿತಿಯಲ್ಲಿ ಒಂದು ಸಮಿತಿ ಇರಬೇಕು, ಊರಿನ ಗಿಡ, ಸೊಪ್ಪು, ಬೀಜ, ಹಕ್ಕಿ, ಕೆರೆಗಳ ದಾಖಲೆ ಪುಸ್ತಕ ಇರಬೇಕು. ಈ ಕೆಲಸದಲ್ಲಿ ಮಕ್ಕಳಿಗೆ ಗುರುಗಳು ಯಾರು ಗೊತ್ತೇ? ನೀವೇ. ಬೆರಕೆ ಸೊಪ್ಪಿನಲ್ಲಿ ಎಷ್ಟು ಬಗೆ, ಯಾವ ತಿಂಗಳಲ್ಲಿ ಯಾವುದು ಚಿಗುರುತ್ತದೆ ಅನ್ನೋದು ನಿಮ್ಮ ಅತ್ತೆಯಂದಿರಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತಿಲ್ಲ. ಅವರು ಹೇಳಲಿ, ಮೊಮ್ಮಕ್ಕಳು ಬರೆಯಲಿ.

"ಇದೆಲ್ಲ ಸರಿ ಸಿಸ್ಟರ್, ಕಾಸು ಯಾರು ಕೊಡ್ತಾರೆ?" ಅಂತ ಕೇಳ್ತೀರಿ. ಕೇಳಲೇಬೇಕು. ಕಾಸಿಲ್ಲದೆ ಬರೀ ಸೇವೆ ಅಂದರೆ ಉಳ್ಳವರ ಮಕ್ಕಳು ಬರ್ತಾರೆ, ಕೂಲಿಯವರ ಮಕ್ಕಳು ಶುಂಠಿ ಹೊಲಕ್ಕೇ ಹೋಗ್ತಾರೆ. ಒಂದು ಲೆಕ್ಕ ಹಾಕೋಣ. 10 ಮಕ್ಕಳು, ದಿನಕ್ಕೆ 3 ಗಂಟೆ, 12 ದಿನ. ಉದಾಹರಣೆಗೆ ತಲೆಗೆ ದಿನಕ್ಕೆ 150 ರೂಪಾಯಿ ಅಂದುಕೊಂಡರೆ ಒಟ್ಟು 18,000 ರೂಪಾಯಿ. ಒಂದು ಪಂಚಾಯಿತಿಗೆ ಇದು ದೊಡ್ಡ ಮೊತ್ತವೇ? ಹುಲಿ ಸಂರಕ್ಷಿತ ಪ್ರದೇಶಗಳಿಗೆ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳಿವೆ, ಸಫಾರಿಗೆ ಬರುವ ಪ್ರವಾಸಿಗರ ಹಣ ಅಲ್ಲಿಗೆ ಸೇರುತ್ತದೆ. ಕಾಡಂಚಿನ ಜನರ ಅಭಿವೃದ್ಧಿಯೂ ಅವುಗಳ ಉದ್ದೇಶಗಳಲ್ಲಿ ಒಂದು. ಪಂಚಾಯಿತಿಗೊಂದು, ಪ್ರತಿಷ್ಠಾನಕ್ಕೊಂದು ಅರ್ಜಿ ಕೊಡೋಣ. ಊಟಿ ರಸ್ತೆಯ ರೆಸಾರ್ಟ್‌ನವರನ್ನೂ ಕೇಳೋಣ. ಅಡುಗೆಮನೆ ಕೆಲಸಕ್ಕೆ ನಮ್ಮ ಹುಡುಗರು ಬೇಕು ಅನ್ನುವವರು ಅವರ ಕಲಿಕೆಗೂ ಸ್ವಲ್ಪ ಕೊಡಲಿ.

ಹಣ ಬಂದರೆ ಅದು ಮಗುವಿನ ಖಾತೆಗೇ ಹೋಗಲಿ. 10 ವರ್ಷ ದಾಟಿದ ಮಕ್ಕಳು ಬ್ಯಾಂಕಿನಲ್ಲಿ ತಾವೇ ಉಳಿತಾಯ ಖಾತೆ ನಡೆಸಬಹುದು. ಅಪ್ಪನ ಕೈಗೆ ಹೋದ ದುಡ್ಡು ಎಲ್ಲಿಗೆ ಹೋಗ್ತದೆ ಅಂತ ಕೆಲವರ ಮನೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. 10 ಮಕ್ಕಳಲ್ಲಿ 5 ಜನ ಹುಡುಗಿಯರಿರಲಿ. ಅರಣ್ಯ ಇಲಾಖೆಯ ಗಸ್ತು ಅರಣ್ಯ ಪಾಲಕರ ಹುದ್ದೆಗೆ ಪಿಯುಸಿ ಪಾಸಾಗಿರಬೇಕು, ಅದಕ್ಕೆ ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದು. ಹದಿನೈದರಲ್ಲಿ ಗಿಡದ ಹೆಸರು ಬರೆದ ಹುಡುಗಿ ಪಿಯುಸಿ ಬಿಡದೆ ಓದಲು ಅದೊಂದು ಕಾರಣವಾಗಲಿ.

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ಮೂರು ಕೆಲಸ ಮಾಡಿ. ಒಂದು, ನಿಮ್ಮ ಸದಸ್ಯೆಯರ ಮನೆಗಳಲ್ಲಿ 14 ತುಂಬಿದ ಎಷ್ಟು ಹೈಸ್ಕೂಲು ಮಕ್ಕಳಿದ್ದಾರೆ, ಕಳೆದ ರಜೆಯಲ್ಲಿ ಎಲ್ಲಿಗೆ ಹೋಗಿದ್ದರು ಎಂದು ಪಟ್ಟಿ ಮಾಡಿ. ಎರಡು, ನಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಇದೆಯೇ, ಪುಸ್ತಕ ಎಲ್ಲಿದೆ ಎಂದು ಹೋಗಿ ಕೇಳಿ. ಮೂರು, ಶಾಲೆಯ ಮುಖ್ಯೋಪಾಧ್ಯಾಯರನ್ನು ಸಭೆಗೆ ಕರೆಯಿರಿ. ಇಷ್ಟನ್ನು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

ವಾರಕ್ಕೆ ಹತ್ತು ರೂಪಾಯಿ ಉಳಿತಾಯದಿಂದ ಶುರು ಮಾಡಿದವರು ನೀವು. ಆಗಲೂ ಜನ ನಕ್ಕಿದ್ದರು. ಪಟ್ಟಿ ಸಿದ್ಧವಾಗಲಿ, ಅರ್ಜಿ ಬರೆಯಲು ನಾನು ನಿಮ್ಮ ಜೊತೆ ಕೂರುತ್ತೇನೆ.